ಪುಣ್ಯದ ಬಕೆಟ್ಟಿನಲ್ಲಿ ಮಾತ್ರೆ ಹುಡುಕುವ ಸಾಯ್‌ಬುವಾ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದೊನ್‌ಖಾ ಊರಿನ ಬೌದ್ಧ ವಿಹಾರದ ಮಂಟಪದಲ್ಲಿ ಬೂದು ಅಂಗಿ ತೊಟ್ಟ ಹೆಂಗಸೊಬ್ಬರು ಮಂಡಿಯೂರಿ ಕೂತು, ಕಿತ್ತಳೆ ಬಣ್ಣದ ಬಕೆಟ್ಟೊಂದರೊಳಗೆ ಮೊಣಕೈವರೆಗೆ ಕೈ ಇಳಿಬಿಟ್ಟಿದ್ದಾರೆ. ಸೋಪು, ಪೇಸ್ಟು, ಚಹಾಪುಡಿ, ಟಾರ್ಚು, ಊದುಬತ್ತಿ ಒಂದೊಂದಾಗಿ ಈಚೆ ಬರುತ್ತಿವೆ. ಭಿಕ್ಷುಗಳಿಗೆ ದಾನ ಕೊಡಲೆಂದು ಭಕ್ತರು ತಂದಿಟ್ಟ ಬಕೆಟ್ಟು ಅದು. ಗೊತ್ತಿಲ್ಲದವರು ನೋಡಿದರೆ ದೇವರ ಮುಂದೆಯೇ ಕಳ್ಳತನ ನಡೆಯುತ್ತಿದೆ ಎಂದುಕೊಳ್ಳಬೇಕು. ತಳದಲ್ಲಿ ಅವರ ಕೈಗೆ ಏನೋ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ, ಒಳಗೆ ಮಾತ್ರೆಗಳು.

"ಕೇಸೊನ್ ಅಜ್ಜಿ, ಇದು ನಿಮ್ಮ ಬಿಪಿ ಮಾತ್ರೆ ಅಲ್ವಾ?"

"ಹೌದು ಕಣೆ. ಅದಕ್ಕೇನೀಗ?" ಬಕೆಟ್ಟಿನ ಒಡತಿ ಕಂಬಕ್ಕೆ ಒರಗಿ ಅಡಿಕೆ ಜಗಿಯುತ್ತಿದ್ದಾರೆ.

"ಇದನ್ನ ಇಲ್ಲಿ ಹಾಕಿದ್ರೆ ನೀವು ಏನು ನುಂಗ್ತೀರಿ?"

"ನಂಗೆ ತಲೆ ಸುತ್ತೋದು ನಿಂತು ಎಷ್ಟೋ ಕಾಲ ಆಯ್ತು. ಗುರುಗಳಿಗೆ ಔಷಧಿ ಕೊಟ್ಟೋರಿಗೆ ಮುಂದಿನ ಜನ್ಮದಲ್ಲೂ ಕಾಯಿಲೆ ಬರಲ್ಲ. ಕೈ ತೆಗಿ ನೀನು. ನನ್ನ ಪುಣ್ಯಕ್ಕೆ ಯಾಕೆ ಕಲ್ಲು ಹಾಕ್ತೀಯಾ?"

"ಮುಂದಿನ ಜನ್ಮಕ್ಕೆ ಇಷ್ಟು ಅವಸರದಲ್ಲಿ ಹೊರಟ್ರೆ ಈ ಜನ್ಮದ ಕೋಳಿಗಳಿಗೆ ಕಾಳು ಹಾಕೋರು ಯಾರಜ್ಜಿ?"

ಮಂಟಪದಲ್ಲಿ ಕೂತ ಹೆಂಗಸರು ನಗುತ್ತಾರೆ. "ಬಕೆಟ್ ಪೊಲೀಸ್ ಕೈಗೆ ಇವತ್ತಿನ ಮೊದಲ ಕಳ್ಳಿ ಸಿಕ್ಕಿದ್ಲು," ಎಂದು ಯಾರೋ ಕೂಗುತ್ತಾರೆ. ಅಜ್ಜಿಗೂ ನಗು ಬರುತ್ತದೆ, ಆದರೆ ಬಾಯಿ ತುಂಬ ಅಡಿಕೆಯ ರಸ.

ಬಕೆಟ್ ಪೊಲೀಸ್ ಎಂಬ ಅಡ್ಡಹೆಸರಿನ ಇವರು ಸಾಯ್‌ಬುವಾ. ವಯಸ್ಸು ಅರವತ್ತರ ಹತ್ತಿರ. ಶಾಲೆಯ ಗೇಟಿನ ಬಳಿ ಅಂಟಕ್ಕಿ ಅನ್ನದ ಉಂಡೆಗೆ ಮೊಟ್ಟೆ ಸವರಿ ಕೆಂಡದ ಮೇಲೆ ಸುಟ್ಟು ಮಾರುವುದು ಹೊಟ್ಟೆಪಾಡು. ಊರ ಆರೋಗ್ಯ ಸೇವಕಿ ಎಂಬುದು ಇನ್ನೊಂದು ಕೆಲಸ. ಸರಕಾರ ತಿಂಗಳಿಗೊಮ್ಮೆ ಕೊಡುವ ಗೌರವಧನ ಬೈಕಿನ ಪೆಟ್ರೋಲಿಗೆ ಸರಿಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಗಳಂದು ಅವರು ಬೆಳಗಾಗುವ ಮೊದಲೇ ವಿಹಾರದಲ್ಲಿರುತ್ತಾರೆ. ಅಂದು ಆ ಕೆಲಸ ಮುಗಿದ ಮೇಲೆ, ಉಳಿದ ದಿನ ಅದೇ ಹೊತ್ತಿಗೆ, ಜನ ಗದ್ದೆಗೆ ಹೊರಡುವ ಮೊದಲು, ತಮ್ಮ ಪಾಲಿನ ಹದಿನಾಲ್ಕು ಮನೆಗಳನ್ನು ಸುತ್ತುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದು, ನುಂಗಿದ್ದೇನೆ ಎಂದವರ ಬಾಯಿ ತೆರೆಸಿ ನೋಡುವುದು, ಉಪ್ಪಿನಲ್ಲಿ ಕೊಳೆಹಾಕಿದ ಮೀನಿನ ಜಾಡಿಯ ಮುಚ್ಚಳ ಎತ್ತಿ ಬೈಯುವುದು. ನಮ್ಮ ಮೂನ್ ನದಿಯ ದಡದ ಊರುಗಳಲ್ಲಿ ಆ ಮೀನಿಲ್ಲದೆ ಯಾರ ಗಂಟಲಲ್ಲೂ ತುತ್ತು ಇಳಿಯುವುದಿಲ್ಲ. ಹೀಗಾಗಿ ಬೈಗುಳಕ್ಕೂ ಎಂದೂ ಬರಗಾಲವಿಲ್ಲ.

ಅಷ್ಟರಲ್ಲಿ ಹಿರಿಯ ಭಿಕ್ಷುಗಳು ಬರುತ್ತಾರೆ. ಹೆಂಗಸರ ಕೈಯಿಂದ ನೇರವಾಗಿ ಏನನ್ನೂ ತೆಗೆದುಕೊಳ್ಳುವಂತಿಲ್ಲವಾದ್ದರಿಂದ ಹಳದಿ ವಸ್ತ್ರವೊಂದನ್ನು ಮುಂದೆ ಹಾಸುತ್ತಾರೆ. ಕೇಸೊನ್ ಅಜ್ಜಿ ಮಾತ್ರೆಯ ಚೀಲವನ್ನು ಅದರ ಮೇಲಿಟ್ಟು ಕೈಮುಗಿಯುತ್ತಾರೆ. ಮಂತ್ರ ಮುಗಿಯುತ್ತದೆ. ಭಿಕ್ಷುಗಳು ಚೀಲವನ್ನು ಮತ್ತೆ ಅಜ್ಜಿಯ ಮುಂದೆಯೇ ಇಡುತ್ತಾರೆ.

"ದಾನ ಸಂದಾಯ ಆಯ್ತಮ್ಮ. ಇದು ಈಗ ನನ್ನ ಮಾತ್ರೆ. ನಂಗೆ ನುಂಗೋಕೆ ಬೇಜಾರು. ದಿನಾ ಬೆಳಿಗ್ಗೆ ನನ್ನ ಪರವಾಗಿ ನೀವೇ ನುಂಗಿ."

ಅಜ್ಜಿಯ ಪುಣ್ಯಕ್ಕೂ ಭಂಗವಿಲ್ಲ, ಬಿಪಿಗೂ ಮೋಸವಿಲ್ಲ. ನೋಡುವವರಿಗೆ ಇದು ಸೊಗಸಾದ ಏರ್ಪಾಡು. ಇದು ಶುರುವಾದ ಬಗೆ ಮಾತ್ರ ಸೊಗಸಾದುದಲ್ಲ. ಅದನ್ನು ಕೇಳಿದಾಗ ಸಾಯ್‌ಬುವಾ ಹರಡಿದ ಸೋಪು ಪೇಸ್ಟುಗಳನ್ನು ಬಕೆಟ್ಟಿಗೆ ತಿರುಗಿ ಜೋಡಿಸುತ್ತ ತಲೆ ಎತ್ತದೆ ಹೇಳುತ್ತಾರೆ: "ನನ್ನ ತಮ್ಮನಿಂದ ಕಲಿತಿದ್ದು. ಅವನು ಕಲಿಸಲಿಲ್ಲ, ನಾನೇ ಅವನನ್ನ ಕಳ್ಕೊಂಡು ಕಲಿತೆ."

ತಮ್ಮ ಬದುಕಿದ್ದಾರೆ. ಹೆಸರು ಕಮ್‌ಸೆನ್. ದೊನ್‌ಖಾದಲ್ಲಿ ಕೋಳಿಗಿಂತ ಮೊದಲು ಕೂಗುತ್ತಿದ್ದವರು ಅವರೇ. ಊರ ನಡುವೆ ಕಂಬದ ಮೇಲೆ ಧ್ವನಿವರ್ಧಕಗಳಿವೆ. ಬೆಳಗಿನ ಸುದ್ದಿಯನ್ನು ಮೈಕಿನಲ್ಲಿ ಹೇಳುವುದು ಕಮ್‌ಸೆನ್ ಕೆಲಸವಾಗಿತ್ತು. ನೀರು ಯಾವಾಗ ಬಿಡುತ್ತಾರೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ನಾಯಿಗೆ ಚುಚ್ಚುಮದ್ದು ಎಂದು ಹಾಕುತ್ತಾರೆ ಎಂಬ ಒಣ ಸುದ್ದಿಗೂ ಅವರ ಬಾಯಲ್ಲಿ ಒಗ್ಗರಣೆ ಬೀಳುತ್ತಿತ್ತು. ಅಕ್ಕ ಬೈಕು ಹತ್ತಿದರೆ ಸಾಕು, ಇಡೀ ಊರಿಗೆ ಕೇಳುವಂತೆ ಎಚ್ಚರಿಕೆ ಹೊರಡುತ್ತಿತ್ತು: "ಗುಳಿಗೆ ಅಕ್ಕ ಹೊರಟಿದ್ದಾಳೆ. ನಿನ್ನೆ ಮಾತ್ರೆ ನುಂಗದವರು ದಯವಿಟ್ಟು ಕೋಳಿಗೂಡಿನ ಹಿಂದೆ ಅವಿತುಕೊಳ್ಳಬೇಕು."

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಗದ್ದೆಯಲ್ಲಿ ಊಟಕ್ಕೆ ಕೂತಾಗ ಕಮ್‌ಸೆನ್ ಕೈಯಿಂದ ಅನ್ನದ ಉಂಡೆ ಜಾರಿತು. ಎತ್ತಿಕೊಂಡರೆ ಮತ್ತೆ ಜಾರಿತು. ನಾಲಿಗೆ ತೊದಲಿತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಗಿ, ಅವರೇ ಅದನ್ನು ತಮಾಷೆ ಮಾಡಿದರು. ಸಾಯ್‌ಬುವಾಗೆ ತಮಾಷೆ ಎನಿಸಲಿಲ್ಲ. ಕೈಕಾಲು ಒಮ್ಮೆ ಸೋತು ಮರಳಿ ಬಂದರೆ ಅದು ಲಕ್ವದ ಮುನ್ಸೂಚನೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅಂದೇ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟರು. ಜಿಲ್ಲಾ ನಗರದಲ್ಲಿ ಸ್ಕ್ಯಾನ್ ಆಯಿತು. ಮೆದುಳಿನ ಎಡಭಾಗದ ದೊಡ್ಡ ರಕ್ತನಾಳ ಒಂದು ಕಡೆ ಬಹಳ ಕಿರಿದಾಗಿತ್ತು. ನಮ್ಮ ಕಡೆಯವರಲ್ಲಿ ಈ ಕಾಯಿಲೆ ಹೆಚ್ಚಂತೆ. ಬೇರೆ ಕಡೆ ಕತ್ತಿನ ನಾಳ ಕಟ್ಟಿದರೆ ನಮ್ಮಲ್ಲಿ ತಲೆಯೊಳಗಿನದೇ ಕಟ್ಟುತ್ತದಂತೆ.

ಆ ನಾಳ ಅಗಲಿಸಲು ಸ್ಟೆಂಟ್ ಹಾಕಿಸುವುದೋ, ಮಾತ್ರೆ ನುಂಗುವುದೋ ಎಂದು ಮನೆಯಲ್ಲಿ ಎರಡು ಪಕ್ಷವಾಯಿತು. ಕಮ್‌ಸೆನ್ ಹೆಂಡತಿ ಪ್ರಾನೋಮ್ ಅವರದು ಸ್ಟೆಂಟ್ ಪಕ್ಷ. ಅವರ ಸೋದರಮಾವನಿಗೆ ಎದೆಯಲ್ಲಿ ಸ್ಟೆಂಟ್ ಹಾಕಿದ್ದರು. ಮಾವ ಇಂದಿಗೂ ಹುಂಜದ ಕಾಳಗಕ್ಕೆ ತಪ್ಪದೆ ಹೋಗುತ್ತಾರೆ. ಪ್ರಾನೋಮ್ ವಾದ ಸರಳವಾಗಿತ್ತು. "ಗದ್ದೆಗೆ ನೀರು ಬರೋ ಕೊಳವೆ ಕಟ್ಕೊಂಡ್ರೆ ಕೊಳವೆ ಬಿಡಿಸ್ತೀವಿ. ನೀರಿಗೆ ಮಾತ್ರೆ ಹಾಕ್ತೀವಾ?"

ಸರಕಾರಿ ಆಸ್ಪತ್ರೆಯ ನರರೋಗದ ಡಾಕ್ಟರಮ್ಮ ಬೇರೆ ಮಾತು ಹೇಳಿದರು. ಆ ಮಾತು ಸಾಯ್‌ಬುವಾಗೆ ಈಗಲೂ ಬಾಯಿಪಾಠ. "ಎದೆಯ ನಾಳಕ್ಕೆ ಸ್ಟೆಂಟ್ ಹಾಕೋದೇ ಬೇರೆ, ತಲೆಯೊಳಗಿನ ನಾಳಕ್ಕೆ ಹಾಕೋದೇ ಬೇರೆ ಅಕ್ಕ. ಇದು ಸಣ್ಣದು, ಗೋಡೆ ತೆಳು, ದಾರಿ ಅಂಕುಡೊಂಕು. ತಂತಿ ತೂರಿಸುವಾಗ್ಲೇ ಲಕ್ವ ಹೊಡೆಯೋ ಭಯ ಇದೆ. ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ದಾರೆ. ಸ್ಟೆಂಟ್ ಹಾಕಿಸ್ಕೊಂಡೋರಿಗೇ ಮೊದಲ ಕೆಲವು ವಾರದಲ್ಲಿ ಜಾಸ್ತಿ ತೊಂದರೆ ಆಯ್ತು. ಅದಕ್ಕೇ ಮೊದಲು ಮಾತ್ರೆ. ಮಾತ್ರೆ ಸೋತರೆ ಆಮೇಲೆ ಸ್ಟೆಂಟ್ ಯೋಚನೆ." ರಕ್ತ ತೆಳುಮಾಡುವ ಮಾತ್ರೆ, ಕೊಬ್ಬಿನ ಮಾತ್ರೆ, ಬಿಪಿ ಮಾತ್ರೆ ಬರೆದುಕೊಟ್ಟರು. ಬೀಡಿ ಬಿಡಬೇಕು, ಉಪ್ಪುಮೀನು ಬಿಡಬೇಕು, ದಿನಾ ನಡೆಯಬೇಕು. ಕೊನೆಗೆ ಸಾಯ್‌ಬುವಾ ಕಡೆ ತಿರುಗಿ, "ಸ್ಟೆಂಟ್ ಆದ್ರೆ ನಾವು ಹಾಕ್ತೀವಿ, ಇದನ್ನ ನೀವೇ ಹಾಕ್ಬೇಕು. ದಿನಾ, ಒಂದು ದಿನಾನೂ ಬಿಡದ ಹಾಗೆ," ಎಂದರು.

ಕಮ್‌ಸೆನ್ ಹೆಂಡತಿಯ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಸಾಯ್‌ಬುವಾ ಪ್ರಾನೋಮ್ ಅವರ ಕೈ ಹಿಡಿದು ಹೇಳಿದರು: "ನಾನಿದ್ದೀನಲ್ಲ ತಾಯಿ. ದಿನಾ ನಾನು ನೋಡ್ಕೋತೀನಿ." ಅಲ್ಲಿಗೆ ಮಾತ್ರೆಯ ಪಕ್ಷ ಗೆದ್ದಿತು.

ಗೆದ್ದದ್ದು ಸುಳ್ಳಲ್ಲ. ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಕಮ್‌ಸೆನ್ ಕೈಯಿಂದ ಅನ್ನ ಜಾರಲಿಲ್ಲ. ಬೀಡಿ ಬಿಟ್ಟರು. ಮೈಕಿನಲ್ಲಿ ಗೋಳಾಡುತ್ತಲೇ ಉಪ್ಪುಮೀನನ್ನೂ ಬಿಟ್ಟರು: "ಮೀನು ಹಾಕದ ಪಪ್ಪಾಯಿ ಕೋಸಂಬರಿ ತಿಂದೂ ಬದುಕಿರುವ ಈ ಜಿಲ್ಲೆಯ ಏಕೈಕ ಗಂಡಸು ಮಾತನಾಡುತ್ತಿದ್ದೇನೆ." ಮೊದಮೊದಲು ಅಕ್ಕ ದಿನವೂ ಬಂದು ಪಟ್ಟಿ ಕಟ್ಟುತ್ತಿದ್ದರು, ಎದುರಿಗೇ ಮಾತ್ರೆ ನುಂಗಿಸುತ್ತಿದ್ದರು. ಬರಬರುತ್ತ ಆ ಮನೆಗೆ ಅವರು ಕೊನೆಗೆ ಹೋಗತೊಡಗಿದರು. ಅಷ್ಟು ಹೊತ್ತಿಗೆ ಸುಸ್ತು. ತಮ್ಮನ ಮನೆಯೆಂದರೆ ಕಾಲು ಚಾಚಿ ಕೂತು ನಗುವ ಮನೆ.

"ಬ್ಯಾಗಿಂದ ಪಟ್ಟಿ ತೆಗೆದ್ರೆ ಅವನು, ಬಂದ್ಲಪ್ಪ ನನ್ನ ಹೆಂಡ್ತಿಗಿಂತ ದೊಡ್ಡ ಪೊಲೀಸು, ಅನ್ನೋನು. ಹೋಗ್ಲಿ ಬಿಡು, ಮನೆಯವನು ತಾನೇ, ನುಂಗ್ತಾನೆ ಅಂದ್ಕೊಂಡೆ," ಎನ್ನುತ್ತಾರೆ ಸಾಯ್‌ಬುವಾ. "ಹದಿನಾಲ್ಕು ಮನೇಲಿ ಹದಿಮೂರು ಜನರ ಬಾಯಿ ತೆರೆಸಿ ನೋಡ್ತಿದ್ದೆ. ಒಬ್ಬನದು ನೋಡ್ಲಿಲ್ಲ."

ದೀಪದ ಬುಡದಲ್ಲಿ ಕತ್ತಲು ಎಂದು ಗಾದೆ ಹೇಳಿ ಮುಗಿಸಬಹುದು. ಆದರೆ ಆ ಕತ್ತಲಿಗೆ ಕಾರಣವಾದದ್ದು ಸೋಮಾರಿತನವಲ್ಲ, ಸಲಿಗೆ.

ಭಿಕ್ಷುಗಳು ಮಳೆಗಾಲವಿಡೀ ವಿಹಾರದಲ್ಲೇ ನೆಲೆಸುವ ವರ್ಷಾವಾಸ ಮುಗಿಯುವ ಹುಣ್ಣಿಮೆ ಬಂತು. ಹಿಂದಿನ ಸಂಜೆ ಮೈಕಿನಲ್ಲಿ ಕಮ್‌ಸೆನ್ ಅಂಗಡಿಗಳಲ್ಲಿ ತುಂಬಿ ಮಾರುವ ಸಿದ್ಧ ಬಕೆಟ್ಟುಗಳನ್ನು ಚೆನ್ನಾಗಿ ಜಾಡಿಸಿದರು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ನಾಚಿಕೆಗೇಡು ಅದು: ಮೇಲೆ ಬಣ್ಣದ ಕಾಗದ, ಒಳಗೆ ಹತ್ತದ ಟಾರ್ಚು, ಬೂಸಲು ಹಿಡಿದ ಚಹಾ, ಅವಧಿ ಮುಗಿದ ನೋವಿನ ಮಾತ್ರೆ. "ನಿಮಗೆ ಬೇಡದ್ದನ್ನು ಗುರುಗಳಿಗೆ ದಾಟಿಸಬೇಡಿ. ನಿಮಗೆ ಬೇಕಾದದ್ದನ್ನು ಕೊಡಿ. ಅದು ದಾನ," ಎಂದರು. ಊರು ತಲೆದೂಗಿತು.

ಹೇಳಿದಂತೆ ನಡೆದವರೂ ಅವರೇ. ಆ ಮನೆಯಲ್ಲಿ ಆಗ ಎಲ್ಲಕ್ಕಿಂತ ಬೇಕಾದ ವಸ್ತು ಯಾವುದು? ಕಮ್‌ಸೆನ್ ಅವರನ್ನು ಒಂದು ವರ್ಷ ಕಾಪಾಡಿದ ಮಾತ್ರೆ. ಹಿರಿಯ ಭಿಕ್ಷುಗಳಿಗೂ ಬಿಪಿ ಇರುವುದು ಊರಿಗೇ ಗೊತ್ತು. ಔಷಧಿಯ ದಾನಕ್ಕೆ ಆರೋಗ್ಯವೇ ಫಲ ಎಂಬುದು ಹುಟ್ಟಿದಾಗಿನಿಂದ ಕೇಳಿದ ಮಾತು. ಗಂಡ ಹೆಂಡತಿ ಕೂತು ಮಾತಾಡಿಕೊಂಡು ಆಸ್ಪತ್ರೆಯಿಂದ ತಂದಿದ್ದ ಅಷ್ಟೂ ಮಾತ್ರೆಯನ್ನು ಹೊಸ ಬಕೆಟ್ಟಿನ ತಳದಲ್ಲಿಟ್ಟು, ಮೇಲೆ ಹೊಸ ಟವೆಲ್ ಹೊದಿಸಿ ಕಾಗದ ಸುತ್ತಿದರು. ಮುಂದಿನ ಬಾರಿ ಆಸ್ಪತ್ರೆಗೆ ಹೋಗಲು ಇನ್ನೂ ಕೆಲವು ವಾರಗಳಿದ್ದವು. ಅಲ್ಲಿಯವರೆಗೆ ಪುಣ್ಯ ಕಾಯುತ್ತದೆ ಎಂದುಕೊಂಡರು.

ಬಕೆಟ್ಟು ಒಪ್ಪಿಸುವಾಗ ಮನೆಯವರೆಲ್ಲ ಅದನ್ನು ಮುಟ್ಟಬೇಕು. ಕೈ ಎಟುಕದವರು ಮುಟ್ಟಿದವರ ಭುಜ ಮುಟ್ಟಿದರೂ ಪುಣ್ಯದಲ್ಲಿ ಪಾಲು ಸಿಗುತ್ತದೆ. ಸಾಯ್‌ಬುವಾ ಅಂದು ಬೆಳಗಿನ ಸುತ್ತು ಮುಗಿಸಿ ಓಡಿಬಂದವರು ಹಿಂದೆ ನಿಂತು ತಮ್ಮನ ಭುಜದ ಮೇಲೆ ಕೈಯಿಟ್ಟರು.

"ನಾನೂ ಮುಟ್ಟಿದ್ದೆ. ಆ ಪುಣ್ಯದಲ್ಲಿ ನಂಗೂ ಪಾಲಿದೆ," ಎಂದು ಈಗ ಹೇಳುವಾಗ ಅವರ ದನಿಯಲ್ಲಿ ಅಳುವಿಲ್ಲ. ಅತ್ತು ಮುಗಿಸಿದವರ ದನಿ ಅದು.

ತಿಂಗಳು ತುಂಬುವ ಮೊದಲೇ, ಒಂದು ಬೆಳಿಗ್ಗೆ ಮೈಕಿನಲ್ಲಿ ಸುದ್ದಿ ಹೇಳುತ್ತಿದ್ದಾಗ ಕಮ್‌ಸೆನ್ ಮಾತು ಸೊಟ್ಟಗಾಯಿತು. ಶಬ್ದಗಳು ಒಂದಕ್ಕೊಂದು ಅಂಟಿಕೊಂಡವು. ಯಾರೋ ಕುಡುಕನನ್ನು ಅವರು ಅಣಕಿಸುತ್ತಿದ್ದಾರೆ ಎಂದು ಊರವರು ಅಂದುಕೊಂಡರು. ಅಂಗಳ ಗುಡಿಸುತ್ತಿದ್ದವರು, ಒಲೆ ಹಚ್ಚುತ್ತಿದ್ದವರು, ಎಲ್ಲರೂ ನಕ್ಕರು. ಸಾಯ್‌ಬುವಾ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತು ಪಟ್ಟಿಗೆ ಗಾಳಿ ತುಂಬುತ್ತಿದ್ದರು.

"ನಾನೂ ನಕ್ಕೆ," ಎನ್ನುತ್ತಾರೆ. "ಆಮೇಲೆ ಮಾತು ನಿಂತುಹೋಯ್ತು. ಮೈಕು ಮಾತ್ರ ಗುಂಯ್ ಅಂತಿತ್ತು. ಅವನು ಯಾವತ್ತೂ ಮೈಕ್ ಆರಿಸದೆ ಏಳ್ತಿರ್ಲಿಲ್ಲ. ಆಗ ಓಡಿದೆ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ ಪ್ರಶ್ನೆ: "ಮಾತ್ರೆ ತಗೋತಿದ್ರಾ?" ಸಾಯ್‌ಬುವಾ ಎದೆ ಸೆಟೆಸಿ, "ದಿನಾ ತಗೋತಿದ್ದ," ಎಂದರು. ಹಿಂದೆ ನಿಂತಿದ್ದ ಪ್ರಾನೋಮ್ ಅಳುತ್ತ ಬಕೆಟ್ಟಿನ ವಿಷಯ ಬಾಯಿಬಿಟ್ಟದ್ದು ಆಗ. ಸುದ್ದಿ ವಿಹಾರಕ್ಕೆ ಮುಟ್ಟಿತು. ಮಂಟಪದ ಹಿಂದಿನ ಕೋಣೆಯಲ್ಲಿ ಬಕೆಟ್ಟುಗಳು ಸೂರಿನವರೆಗೆ ಪೇರಿಸಿದ್ದವು. ಭಿಕ್ಷುಗಳಾದರೂ ಎಷ್ಟು ಸೋಪು ಹಚ್ಚಿಕೊಂಡಾರು? ಹಿರಿಯ ಭಿಕ್ಷುಗಳು ಒಂದೊಂದನ್ನೇ ಇಳಿಸಿ ಹುಡುಕಿದರು. ಕಮ್‌ಸೆನ್ ಬಕೆಟ್ಟಿನ ಕಾಗದವನ್ನು ಯಾರೂ ಬಿಚ್ಚಿರಲಿಲ್ಲ. ಅವರ ಜೀವ ಕಾಯುವ ಮಾತ್ರೆ ಅವರ ಮನೆಯ ಹಿತ್ತಿಲಿಗೆ ಕಾಣುವ ಕೋಣೆಯಲ್ಲಿ ಟವೆಲ್ಲಿನಡಿ ಹಾಗೇ ಇತ್ತು.

ಭಿಕ್ಷುಗಳು ಆ ಮಾತನ್ನು ಹೆಚ್ಚು ಎತ್ತುವುದಿಲ್ಲ. "ಕೊಟ್ಟೋರ ಮನಸ್ಸು ಶುದ್ಧವಾಗಿತ್ತು. ಏನು ಕೊಟ್ರು ಅಂತ ತಗೊಂಡೋರು ನೋಡ್ಬೇಕಿತ್ತು. ನಾವು ನೋಡ್ಲಿಲ್ಲ," ಎಂದಷ್ಟೇ ಹೇಳುತ್ತಾರೆ. ಬಕೆಟ್ಟು ತೆರೆದು ನೋಡುವ ಏರ್ಪಾಡಿಗೆ ಅವರು ಒಪ್ಪಿದ್ದು ಆಮೇಲೆ. ಕೇಳಿದವರು ಸಾಯ್‌ಬುವಾ.

ಪ್ರಾನೋಮ್ ಕೆಲವು ಕಾಲ ಅಕ್ಕನ ಜೊತೆ ಮಾತು ಬಿಟ್ಟಿದ್ದರು. ಬಿಡುವ ಮೊದಲು ಆಡಿದ ಮಾತೊಂದು ಇಬ್ಬರ ನಡುವೆ ಇನ್ನೂ ಇದೆ: "ಅವತ್ತೇ ಸ್ಟೆಂಟ್ ಹಾಕಿಸಿದ್ರೆ ಅದನ್ನ ತೆಗೆದು ಬಕೆಟ್ಟಿಗೆ ಹಾಕೋಕೆ ಆಗ್ತಿತ್ತಾ ಅಕ್ಕ?"

ಅದಕ್ಕೆ ಉತ್ತರವಿದೆ. ಸಾಯ್‌ಬುವಾ ಡಾಕ್ಟರಮ್ಮನನ್ನು ಕೇಳಿ ತಿಳಿದುಕೊಂಡಿದ್ದಾರೆ. ಸ್ಟೆಂಟ್ ಹಾಕಿದ್ದರೂ ರಕ್ತ ತೆಳುಮಾಡುವ ಅದೇ ಮಾತ್ರೆ ನುಂಗಲೇಬೇಕಿತ್ತು. ಬಿಟ್ಟಿದ್ದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿತ್ತು. ಮಾತ್ರೆ ತಪ್ಪದೆ ನುಂಗಿದವರಲ್ಲೂ ಕೆಲವರಿಗೆ ಲಕ್ವ ಹೊಡೆಯುತ್ತದೆ ಎಂದೂ ಡಾಕ್ಟರಮ್ಮ ಹೇಳಿದ್ದಾರೆ. ಮಾತ್ರೆ ಬಿಟ್ಟದ್ದರಿಂದಲೇ ಹೀಗಾಯಿತು ಎಂದು ಆಣೆ ಮಾಡಿ ಹೇಳಲು ಅವರಿಗೂ ಬರುವುದಿಲ್ಲ.

"ಡಾಕ್ಟರಮ್ಮನ ಮಾತು ಆಗಲೂ ಸರಿ, ಈಗಲೂ ಸರಿ," ಎನ್ನುತ್ತಾರೆ ಸಾಯ್‌ಬುವಾ. "ಮಾತ್ರೆ ಆರಿಸಿದ್ದು ತಪ್ಪಲ್ಲ. ಆದ್ರೆ ಮಾತ್ರೆ ಸಾಕು ಅಂದೋಳು ನಾನು. ದಿನಾ ನೋಡ್ಕೋತೀನಿ ಅಂದೋಳೂ ನಾನು. ಪ್ರಾನೋಮ್‌ಗೆ ಇದನ್ನೆಲ್ಲ ಬಿಡಿಸಿ ಹೇಳಿ ಗೆಲ್ಲಬಹುದು. ಗೆದ್ದು ಏನು ಮಾಡ್ಲಿ?"

ವಿಹಾರದ ಕೆಲಸ ಮುಗಿಯುತ್ತದೆ. ಸೂರ್ಯ ನದಿಯಾಚೆ ಏಳುತ್ತಿದ್ದಾನೆ. ಊರ ಕಂಬದಿಂದ ಈಗಿನ ಹೊಸಬರ ದನಿ ನೀರು ಬಿಡುವ ಹೊತ್ತನ್ನು ಒಣಗಿದ ಮೀನಿನಂತೆ ಹೇಳಿ ಮುಗಿಸುತ್ತದೆ. ಸಾಯ್‌ಬುವಾ ಬೈಕು ಹತ್ತುತ್ತಾರೆ. ಈಗ ಅವರ ಸುತ್ತು ಶುರುವಾಗುವುದೇ ತಮ್ಮನ ಮನೆಯಿಂದ.

ಕಮ್‌ಸೆನ್ ಜಗಲಿಯ ಬಿದಿರು ಮಂಚದ ಮೇಲೆ ಕೂತಿದ್ದಾರೆ. ಬಲಗೈ ಮಡಿಲಲ್ಲಿ ಮಲಗಿದೆ. ಪ್ರಾನೋಮ್ ನೀರಿನ ಲೋಟ ತಂದು ಅಕ್ಕನ ಪಕ್ಕ ಇಡುತ್ತಾರೆ, ಜೊತೆಗೆ ಒಂದು ತಟ್ಟೆ ಅಂಟಕ್ಕಿ ಅನ್ನವನ್ನೂ ಇಡುತ್ತಾರೆ. ಆ ತಟ್ಟೆ ಇತ್ತೀಚೆಗೆ ಶುರುವಾಗಿದೆ.

ಕಮ್‌ಸೆನ್‌ಗೆ ಈಗ ಬರುವುದು ಒಂದೇ ಮಾತು, "ಹೂಂ." ಸಾವಿರ ಮಾತಿನ ಮನುಷ್ಯನಿಗೆ ಲಕ್ವ ಉಳಿಸಿಕೊಟ್ಟದ್ದು ಅಷ್ಟೇ. ಎದುರಿನವರ ಮಾತು ಅವರಿಗೆ ಬಹುಪಾಲು ಅರ್ಥವಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಆದರೆ ಉತ್ತರ ಯಾವುದಾದರೂ ಹೊರಗೆ ಬರುವುದು ಅದೊಂದೇ.

"ಬಿಸಿಲಿಗೆ ಕೂತ್ಕೋತೀಯೇನೋ?"

"ಹೂಂ."

"ಒಳಗೆ ಹೋಗ್ತೀಯಾ?"

"ಹೂಂ."

"ನಿನ್ನ ಹೆಂಡ್ತಿಗಿಂತ ನಾನು ಚೆನ್ನಾಗಿದ್ದೀನಾ?"

"ಹೂಂ," ಎನ್ನುತ್ತಾರೆ ಕಮ್‌ಸೆನ್. ಬಾಯಿಯ ಎಡತುದಿ ಮೇಲೇರುತ್ತದೆ. ಬಾಗಿಲಲ್ಲಿ ನಿಂತ ಪ್ರಾನೋಮ್ ಕತ್ತನ್ನು ತಿರುಗಿಸಿ ನಗುವನ್ನು ಅಡಗಿಸಿಕೊಳ್ಳುತ್ತಾರೆ.

ಪಟ್ಟಿ ಬಿಗಿಯುತ್ತದೆ, ಸಡಿಲವಾಗುತ್ತದೆ. ಬಿಪಿ ಹತೋಟಿಯಲ್ಲಿದೆ. ಸಾಯ್‌ಬುವಾ ಮಾತ್ರೆಗಳನ್ನು ಒಂದೊಂದಾಗಿ ತಮ್ಮನ ನಾಲಿಗೆಯ ಮೇಲಿಟ್ಟು ನೀರು ಕುಡಿಸುತ್ತಾರೆ, ಗಂಟಲು ಅಲುಗುವವರೆಗೆ ಕಾಯುತ್ತಾರೆ. "ನುಂಗಿದ್ಯಾ?" "ಹೂಂ." ಆ ಹೂಂಗುಟ್ಟುವಿಕೆಯನ್ನು ಅವರು ನಂಬುವುದಿಲ್ಲ. ಗಲ್ಲ ಹಿಡಿದು ಬಾಯಿ ತೆರೆಸಿ, ನಾಲಿಗೆಯ ಅಡಿಯವರೆಗೆ ನೋಡುತ್ತಾರೆ. ಆಮೇಲೆ ತಮ್ಮನ ಪಕ್ಕ ಕೂತು, ಅನ್ನದ ಸಣ್ಣ ಉಂಡೆ ಮಾಡಿ ಒಂದು ಅವರಿಗೆ, ಒಂದು ತಮಗೆ.

ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನ ಬರೆಯುವವರು ಕೊನೆಗೆ ಕೇಳುವ ಪ್ರಶ್ನೆ. ಹೊಸ ಬೈಕು, ಸನ್ಮಾನ, ಗೌರವಧನದ ಹೆಚ್ಚಳ, ಇಂಥದ್ದೇನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮನ ಮಡಿಲಲ್ಲಿ ಮಲಗಿದ ಕೈಯನ್ನು ಸವರುತ್ತಾರೆ.

"ಇವನನ್ನ ಒಂದು ಮಾತು ಕೇಳ್ಬೇಕು. ನನ್ನಿಂದ ಹೀಗಾಯ್ತೇನೋ ತಮ್ಮಾ ಅಂತ. ಕೇಳೋಕೆ ಬಾಯಿ ತನಕ ಬರುತ್ತೆ, ನಿಲ್ಲಿಸ್ಕೋತೀನಿ. ಕೇಳಿದ್ರೆ ಇವನು ಹೂಂ ಅಂತಾನೆ. ಬೇರೆ ಮಾತು ಬರಲ್ವಲ್ಲ, ಅದಕ್ಕೆ ಅಂದ್ನೋ, ಇಲ್ಲಾ ನಿಜವಾಗ್ಲೂ ಅಂದ್ನೋ, ನಂಗೆ ಹೇಗೆ ಗೊತ್ತಾಗ್ಬೇಕು?"

ಪ್ರಾನೋಮ್ ಒಳಗಿನಿಂದ ಬಂದು ಖಾಲಿ ಲೋಟ ಎತ್ತಿಕೊಂಡು ಅಲ್ಲೇ ನಿಲ್ಲುತ್ತಾರೆ. ಸಾಯ್‌ಬುವಾ ಎದ್ದು ಬ್ಯಾಗನ್ನು ಹೆಗಲಿಗೇರಿಸುತ್ತಾರೆ. ಇನ್ನೂ ಹದಿಮೂರು ಮನೆ ಬಾಕಿ ಇದೆ.

"ಆಸೆ ಅಂದ್ರೆ ಅದೇ. ಇವನ ಬಾಯಲ್ಲಿ ಒಂದು ದಿನ 'ಇಲ್ಲ' ಅನ್ನೋ ಮಾತು ಬರ್ಲಿ. ಅನ್ನ ಬೇಕಾ ಅಂದ್ರೆ ಇಲ್ಲ ಅನ್ಲಿ, ಏನಕ್ಕಾದ್ರೂ ಅನ್ಲಿ. ಅವತ್ತು ಕೇಳ್ತೀನಿ."